ಎಂಟಾಣೆಯ ಅಡಿಗೆ

ವಿಜಯಾಬಾಯಿ ಹೊರಗೆ ಕೂತು ಅದು ಎರಡನೆಯ ದಿನ. ಮಗ ಕಾಂತು ತಂದೆಯ ಎಲೆಗೆ ಅನ್ನ ಬಡಿಸಿದ, ಮೇಲೆ ತೊವ್ವೆ ಹಾಕಿದ, ತುಪ್ಪದ ಹನಿ ಬಿಟ್ಟ. ಬಡಿಸಿದವನು ಒಲೆಯ ಕಡೆ ಹೋಗಬೇಕಲ್ಲ, ಹೋಗಲಿಲ್ಲ. ಸೌಟು ಹಿಡಿದುಕೊಂಡು ಅಲ್ಲೇ ನಿಂತ.

"ಅಪ್ಪಾ, ಮುಂದಿನ ತಿಂಗಳಿಂದ ನನಗ ಪಗಾರ ಬೇಕು."

"ಎದರ ಪಗಾರ?"

"ಅಡಿಗೀದು. ಮೂರು ದಿನಕ್ಕ ಎಂಟಾಣೆ. ಇಲ್ಲಾಂದರ ನಾ ಮಾಡೂದಿಲ್ಲ."

ಈ ಮನೆಯ ರೀತಿಯನ್ನು ಮೊದಲು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಎಂಟಾಣೆಗೆ ಇಷ್ಟು ರಾಮಾಯಣ ಯಾಕೆ ಅನ್ನಿಸೀತು. ಧರಮಪೇಠದ ಒಂದು ವಾಡೆಯಲ್ಲಿ ಎರಡು ಕೋಣೆ, ಹಿಂದೆ ಒಂದು ಪಡಸಾಲೆ, ಅಂಗಳದಲ್ಲಿ ಬಾವಿ. ವ್ಯಾಸರಾಜರು ಟಪಾಲು ಇಲಾಖೆಯ ಲೆಕ್ಕದ ಕಚೇರಿಯಲ್ಲಿ ಗುಮಾಸ್ತರು. ಬಾಗಲಕೋಟೆ ಕಡೆಯವರು, ವರ್ಗವಾಗಿ ನಾಗಪುರಕ್ಕೆ ಬಂದವರು. ಹೆಂಡತಿ ವಿಜಯಾಬಾಯಿ. ಮಗ ಲಕ್ಷ್ಮೀಕಾಂತನಿಗೆ ಹದಿನೈದು, ಮುಂದಿನ ವರ್ಷ ಮ್ಯಾಟ್ರಿಕ್. ಮಗಳು ವನಜಾಕ್ಷಿ ಇನ್ನೂ ಚಿಕ್ಕವಳು. ಇವರೆಲ್ಲರ ಮೇಲೆ ವ್ಯಾಸರಾಜರ ತಾಯಿ ಗಂಗೂಬಾಯಿ. ಗಂಡ ತೀರಿದಂದಿನಿಂದ ಆಕೆಯದು ಕಟ್ಟುನಿಟ್ಟಾದ ಮಡಿ. ದಿನಕ್ಕೆ ಒಂದೇ ಊಟ, ಅದೂ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಬಾವಿಯ ನೀರು ಸೇದಿ, ಯಾರನ್ನೂ ಮುಟ್ಟದೆ ಬೇಯಿಸಿದ್ದಾಗಬೇಕು. ರಾತ್ರಿ ಒಂದು ಬಟ್ಟಲು ಹಾಲು. ಅಷ್ಟೇ ಆಕೆಯ ಸಂಸಾರ.

ತಿಂಗಳಿಗೆ ಮೂರು ದಿನ ಸೊಸೆ ಮುಟ್ಟಾಗಿ ಪಡಸಾಲೆಯ ಮೂಲೆಯಲ್ಲಿ ಕೂತಾಗ ಒಲೆಯ ಮುಂದೆ ಯಾರು? ಮೊದಲು ಅಜ್ಜಿಯೇ ಇದ್ದಳು. ಕಣ್ಣಿಗೆ ಪೊರೆ ಬಂತು, ಕೈ ನಡುಗಿತು, ಕುದಿಯುವ ಬೇಳೆ ಕಾಲ ಮೇಲೆ ಬಿತ್ತು. ವ್ಯಾಸರಾಜರು ಒಂದು ಸಲ ಅನ್ನ ಮಾಡಲು ಹೋಗಿ ಅಂಟು ಮಾಡಿಟ್ಟರು. ಉಳಿದವನು ಮುಂಜಿಯಾದ ಹುಡುಗ ಕಾಂತು. ಹನ್ನೆರಡನೆಯ ವಯಸ್ಸಿನಿಂದ ಮಾಡುತ್ತ ಬಂದವನು ಈಗ ಅವ್ವನಿಗಿಂತ ಚಲೋ ಸಾರು ಮಾಡುತ್ತಿದ್ದ. ಅದೇ ಅವನಿಗೆ ಮುಳುವಾಯಿತು. ಹೋದ ತಿಂಗಳು ರೇಖಾಗಣಿತದ ಪುಸ್ತಕ ಕೇಳಲು ಬಂದ ದತ್ತು ಎಂಬ ಸಹಪಾಠಿ, ಒದ್ದೆ ಪಂಜೆ ಉಟ್ಟು ಅಕ್ಕಿ ತೊಳೆಯುತ್ತಿದ್ದ ಕಾಂತುವನ್ನು ನೋಡಿದ. ಮರುದಿನದಿಂದ ಶಾಲೆಯಲ್ಲಿ ಅವನ ಹೆಸರು 'ಸ್ವಯಂಪಾಕೀಣ ಬಾಯಿ'. ಅಡಿಗೆಯವಳು ಅಂತ.

"ಮನೀ ಕೆಲಸಕ್ಕ ಪಗಾರ ಕೇಳ್ತಿಯಾ?" ವ್ಯಾಸರಾಜರು ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟರು. "ನಿಮ್ಮವ್ವ ಎಂದಾರ ಕೇಳ್ಯಾಳೇನು?"

"ಆಕೀ ಕೇಳದಿದ್ದರ ಅದು ಆಕೀ ತಪ್ಪು."

ವ್ಯಾಸರಾಜರು ಎದ್ದು ಎಡಗೈಯಿಂದ ಕಪಾಳಕ್ಕೆ ಹೊಡೆದರು. ಅವಸರದ ದಿನ, ಕಚೇರಿಯ ಅಂಗಿ ತೊಟ್ಟೇ ಊಟಕ್ಕೆ ಕೂತಿದ್ದರು. ಆ ಮೈಲಿಗೆಯ ಕೈ ಮಡಿಯಲ್ಲಿದ್ದ ಹುಡುಗನನ್ನು ಮುಟ್ಟಿತು.

"ಮುಟ್ಟಿದೇನೋ ವ್ಯಾಸಾ?" ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಕೇಳಿದಳು. ವ್ಯಾಸರಾಜರು ಕೈ ಹಿಂದೆಳೆದುಕೊಂಡರು. "ಹಂಗಾದರ ನನ್ನ ಎಲಿ ತಗೀರಿ."

ಕಾಂತು ಸೌಟು ನೆಲಕ್ಕೆಸೆದು, ಚಡ್ಡಿ ಅಂಗಿ ಹಾಕಿಕೊಂಡು ಹೊರಟೇ ಹೋದ. ಅಜ್ಜಿ ಆ ದಿನ ಉಪವಾಸ. ವಿಜಯಾಬಾಯಿ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದಳು. ಏಳುವಂತಿಲ್ಲ, ಮುಟ್ಟುವಂತಿಲ್ಲ, ಅತ್ತೆಯ ಎಲೆಗೆ ಇನ್ನೊಂದು ಹಿಡಿ ಅಕ್ಕಿ ಬೇಯಿಸುವಂತಿಲ್ಲ.

ಹುಡುಗ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಂಬಾಝರಿ ಕೆರೆಯ ದಂಡೆಯಲ್ಲಿ ದಿನವಿಡೀ ಕೂತಿದ್ದನಂತೆ. ಕೆರೆ ಅಂದ ಕೂಡಲೇ ವಿಜಯಾಬಾಯಿ ಮೂಲೆಯಿಂದ ಅರ್ಧ ಎದ್ದಳು.

"ಕೆರಿಗೆ ಯಾಕ ಹೋಗಿದ್ದೀಪಾ?"

"ಸುಮ್ಮನ."

"ಎಂಟಾಣೆ ಯಾಕ ಬೇಕು ನಿನಗ? ಖರೇ ಹೇಳು."

ಕಾಂತು ಪಡಸಾಲೆಯ ಮೆಟ್ಟಿಲ ಮೇಲೆ, ಅವ್ವನಿಂದ ದೂರದಲ್ಲಿ ಕೂತ. "ಶಾಳಾ ಬಿಟ್ಟ ಮ್ಯಾಲೆ ಎಲ್ಲಾರೂ ಪೋಹೆ ತಿನ್ನಲಿಕ್ಕೆ ಹೋಗ್ತಾರ. ಒಬ್ಬೊಬ್ಬರು ಒಂದೊಂದು ದಿನಾ ರೊಕ್ಕಾ ಕೊಡ್ತಾರ. ನಾ ಒಬ್ಬನ ಪುಕ್ಕಟೆ ತಿನ್ನಾಂವ. ಮ್ಯಾಲೆ ಅಡಿಗೀ ಬಾಯಿ ಅಂತ ನಗತಾರ. ಅಡಿಗೀ ಬಾಯಿಗೂ ಪಗಾರ ಇರ್ತದ, ನಿನಗ ಅದೂ ಇಲ್ಲ ಅಂತ ದತ್ತು ಅಂದ."

ಹೊರಗಿನ ಅವಲಕ್ಕಿ ತಿಂದ ಬಾಯಿ, ಮಡಿ ಅಡಿಗೆ ಮಾಡುವ ಕೈ. ವಿಜಯಾಬಾಯಿ ಅದನ್ನು ಕೇಳಿಯೂ ಕೇಳದಂತೆ ಬಿಟ್ಟಳು. ಬಿಡದೆ ಇನ್ನೇನು ಮಾಡಿಯಾಳು?

"ನಾ ಕೊಡ್ತೀನಿ. ನಿಮ್ಮಪ್ಪಗ ಗೊತ್ತಾಗಬಾರದು. ಆದರ ಒಲೀ ಮುಂದ ಮಾತಿಲ್ಲ, ಜಗಳಿಲ್ಲ. ಆ ಮುದುಕೀ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ."

"ಬರೋಬರ್ ಕೊಡಬೇಕು. ಉದ್ರಿ ಇಲ್ಲ."

"ಕೊಡ್ತೀನಂದೆನಲ್ಲೊ."

ಮುಂದಿನ ತಿಂಗಳು ರದ್ದಿ ಕಾಗದ ಮಾರಿ ಎಂಟಾಣೆ ಕೂಡಿಸಿ ಕೊಟ್ಟಳು. ಕಾಂತು ಮೂರು ದಿನವೂ ತುಟಿ ಪಿಟಕ್ಕೆನ್ನದೆ ಅಡಿಗೆ ಮಾಡಿದ. ಅಜ್ಜಿ ಎರಡು ಸಲ ಸಾರು ಹಾಕಿಸಿಕೊಂಡು, "ನನ್ನ ಬಂಗಾರ, ನಿನ್ನ ಕೈಯಾಗ ಏನ ರುಚಿ ಇಟ್ಟಾನೋ ದೇವರು" ಎಂದಳು. ಶಾಲೆಯ ಬಳಿಯ ಅಂಗಡಿಯಲ್ಲಿ ಎಲ್ಲರಿಗೂ ಪೋಹೆ ಕೊಡಿಸಿ ಕಾಂತು ರಾಜನ ಹಾಗೆ ಮನೆಗೆ ಬಂದ. ಹೀಗೇ ನಡೆದಿದ್ದರೆ ಈ ಕಥೆಯೇ ಇಲ್ಲ.

ಅದರ ಮುಂದಿನ ತಿಂಗಳು ವನಜಾಕ್ಷಿಗೆ ಕೆಮ್ಮು ಹತ್ತಿತು. ಔಷಧಿ, ಮತ್ತೆ ಔಷಧಿ. ರದ್ದಿಯಿಲ್ಲ, ಚಿಲ್ಲರೆಯಿಲ್ಲ. ವ್ಯಾಸರಾಜರು ತರಕಾರಿಗೆ ಕೊಡುವುದು ಅಳೆದು ಸುರಿದು. ಅದರಲ್ಲಿ ಹಿಡಿದಿಡಲು ಬರುವುದಿಲ್ಲ. ಹೊರಗಾದ ದಿನ, ಬೆಳಗಿನ ಜಾವ ವಿಜಯಾಬಾಯಿ ಮಗನ ಹಾಸಿಗೆಯ ಹತ್ತಿರ ಬಂದು ನಿಂತಳು.

"ಕಾಂತೂ, ಈ ಸಲ ಮಾಡಪಾ. ಮುಂದಿನ ತಿಂಗಳ ಎರಡೂ ಕೂಡಿಸಿ ಕೊಡ್ತೀನಿ."

ಅವನು ಮುಸುಕು ತೆಗೆಯಲಿಲ್ಲ. "ಉದ್ರಿ ಇಲ್ಲ ಅಂದಿದ್ದೆ."

"ತಂಗೀ ಔಷಧಕ್ಕ ಹೋತೋ."

"ಅದು ನಿಮ್ಮ ಲೆಕ್ಕಾ. ಜಬರದಸ್ತಿ ಮಾಡಿದರ ಕೆರೀ ಕಡೆ ಹೋಗ್ತೀನಿ."

ತುಂಬಿದ ಮನೆಯಲ್ಲಿ ಹುಡುಗರು ಆಡಬಾರದ ಮಾತು ಅದು. ಆಡುವಾಗ ಅವನಿಗೆ ಅದರ ತೂಕ ಗೊತ್ತಿರಲಿಲ್ಲ, ಆಡಿ ಮತ್ತೆ ನಿದ್ದೆಹೋದ. ವಿಜಯಾಬಾಯಿ ಬಾವಿಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಗಂಡನಿಗೆ ಹೇಳಿದರೆ ಮತ್ತೆ ಕಪಾಳ, ಮತ್ತೆ ಕೆರೆ, ಮತ್ತೆ ಅತ್ತೆಯ ಎಲೆ ಬರಿದು. ಸುಮ್ಮನೆ ಹೊರಗೆ ಕೂತರೆ ಒಲೆ ಹೊತ್ತುವುದಿಲ್ಲ. ಅವಳು ತಲೆಯ ಮೇಲೆ ಎರಡು ಕೊಡ ನೀರು ಸುರಿದುಕೊಂಡಳು, ಮಡಿಸೀರೆ ಉಟ್ಟಳು, ಒಳಗೆ ಹೋಗಿ ಒಲೆ ಹಚ್ಚಿದಳು. ಆ ಮೂರು ದಿನವೂ ಅವಳೇ ಅಡಿಗೆ ಮಾಡಿದಳು. ದೇವರ ನೈವೇದ್ಯವೂ ಅವಳ ಕೈಯದೇ. ಅತ್ತೆಗೆ ಬಡಿಸುವಾಗ ಎಲೆಯಿಂದ ದೂರ ನಿಂತು ಸೌಟು ಚಾಚುತ್ತಿದ್ದಳು.

"ಅಷ್ಟ ದೂರ ಯಾಕ ನಿಂತೀವಾ?" ಅಜ್ಜಿ ಕೇಳಿದಳು.

"ಒಲೀ ಝಳಕ್ಕ ಮೈ ಬೆವತೇದ, ಅತ್ಯಾ."

ಮುಟ್ಟನ್ನು ಮುಚ್ಚಿಡಬಹುದು, ಅಜ್ಜಿಯ ತಿಥಿಯ ಲೆಕ್ಕವನ್ನು ಮುಚ್ಚಲಿಕ್ಕಾಗುತ್ತದೆಯೇ? ಏಕಾದಶಿಯಿಂದ ಏಕಾದಶಿಗೆ ಬದುಕುವ ಜೀವ ಅದು. ಹುಣ್ಣಿಮೆಯ ಮರುದಿನ ಊಟ ಮುಗಿಸಿ ಕೈತೊಳೆದ ಅಜ್ಜಿ ಸೊಸೆಯನ್ನು ಹತ್ತಿರ ಕರೆದಳು. ಪೊರೆ ಬಂದ ಕಣ್ಣಿನ ತುಂಬ ನೀರು.

"ವಿಜಯಾ, ಹೋದ ಸಲ ಏಕಾದಶಿ ಹಿಂದಿನ ದಿನಾ ಹೊರಗಾಗಿದ್ದಿ. ಈ ಸಲ ಏಕಾದಶಿ ಹೋಗಿ ಹುಣ್ಣಿಮಿನೂ ಆತು. ನನಗ ಹೇಳಲಿಕ್ಕೆ ನಾಚಿಗಿ ಏನು? ನಾ ಪರಕೀಯಳೇನು?"

ವಿಜಯಾಬಾಯಿಗೆ ಇಲ್ಲ ಅಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತು. ಅವಳು ತಲೆ ತಗ್ಗಿಸಿದಳು. ಅತ್ತೆ ಅದನ್ನು ನಾಚಿಕೆಯೆಂದು ತಿಳಿದಳು.

"ಎಂಟು ವರ್ಷಾತು ಈ ಮನ್ಯಾಗ ತೊಟ್ಟಿಲಾ ತೂಗಿ. ಕಣ್ಣು ಪೂರ್ತಿ ಹೋಗೂದರಾಗ ಒಂದು ಕೂಸಿನ ಮಾರಿ ನೋಡಬೇಕಂತ ಬೇಡಿಕೊಂಡಿದ್ದೆ." ಅಜ್ಜಿ ಅಲ್ಲೇ ದೇವರ ಗೂಡಿನ ಕಡೆ ತಿರುಗಿ ಕೈಮುಗಿದಳು. "ಇನ್ನ ಮ್ಯಾಲೆ ರಾತ್ರೀ ಹಾಲು ನನಗ ಬ್ಯಾಡ. ಕೂಸು ಸುಖವಾಗಿ ಬರೂ ತನಕಾ ನಾ ರಾತ್ರಿ ಏನೂ ತಗೊಳ್ಳೂದಿಲ್ಲಂತ ಹರಕಿ. ಆ ಹಾಲು ನೀ ಕುಡೀಬೇಕು, ನನ್ನ ಮುಂದ."

ಅಂದಿನಿಂದ ಸಂಜೆಯ ಹಾಲಿನ ಬಟ್ಟಲು ವಿಜಯಾಬಾಯಿಯ ಕೈಗೆ ಬಂತು. ಅಜ್ಜಿ ಎದುರು ಕೂತು ಗುಟುಕು ಗುಟುಕಾಗಿ ಕುಡಿಸುವಳು. ಬಾವಿಯ ಹಗ್ಗ ಸೊಸೆ ಮುಟ್ಟಕೂಡದು. ದಿನಾ ನೀರು ಸೇದುವ ಕೆಲಸ ಕಾಂತುವಿಗೆ. ವನಜಾಕ್ಷಿಯಿಂದ ಸೂಜಿಗೆ ದಾರ ಪೋಣಿಸಿಕೊಂಡು, ತನ್ನ ಹಳೆಯ ರೇಷ್ಮೆ ಮಡಿಸೀರೆಯ ತುಂಡಿನಿಂದ ಅಜ್ಜಿ ಕೂಸಿನ ತಲೆಗೆ ಕುಂಚಿಗೆ ಹೊಲಿಯಲು ಕೂತಳು. ಕಣ್ಣು ಕಾಣದು, ಬೆರಳಿನಿಂದ ತಡವಿ ತಡವಿ ಹೊಲಿಗೆ. ಬೆರಳಿಗೆ ಚುಚ್ಚಿದರೂ ನಗುತ್ತಿದ್ದಳು.

ಭಾನುವಾರ ಗಂಡ ಹೆಂಡತಿ ಗೋಕುಳಪೇಠದ ಬಜಾರಿಗೆ ಹೋದರು. ಆ ಬಜಾರಿನಲ್ಲಿ ಒಂದು ಅನುಕೂಲ. ಕನ್ನಡದಲ್ಲಿ ಎಷ್ಟು ಜೋರಾಗಿ ಜಗಳಾಡಿದರೂ ಯಾರಿಗೂ ತಿಳಿಯುವುದಿಲ್ಲ. ಬದನೆಕಾಯಿಯ ರಾಶಿಯ ಮುಂದೆ ನಿಂತು ವಿಜಯಾಬಾಯಿ ಎಲ್ಲವನ್ನೂ ಹೇಳಿದಳು. ವ್ಯಾಸರಾಜರ ಕೈಚೀಲ ಜಾರಿ ಕೆಳಗೆ ಬಿತ್ತು.

"ಮುಟ್ಟಿನಾಗ ಅವ್ವಗ ಊಟಕ್ಕ ಹಾಕಿದಿ? ದೇವರಿಗೂ?"

"ಹಾಕಿದೆ. ನೀವು ಏನ ಮಾಡ್ತಿದ್ದಿರಿ, ಹೇಳ್ರಿ."

"ನನಗ ಹೇಳಬೇಕಿತ್ತು."

"ಹೇಳಿದ್ದರ ಹುಡಗನ ಕಪಾಳಕ್ಕ ಹೊಡೀತಿದ್ದಿರಿ. ಎಂಟಾಣೆ ಕೊಡ್ತಿದ್ದಿರೇನು?"

ವ್ಯಾಸರಾಜರು ಒಳ್ಳೆಯ ಮನುಷ್ಯರೇ, ಆದರೆ ಕಷ್ಟ ಬಂದಾಗ ನೆಲ ನೋಡುವ ಜಾತಿ. ಕೊನೆಗೆ ನೆಲ ನೋಡುತ್ತಲೇ ಒಂದು ದಾರಿ ಹೇಳಿದರು.

"ಮುಂದಿನ ಸಲ ಹೊರಗಾದಾಗ, ಬಸುರು ಇಳದು ಹೋತು ಅಂದುಬಿಡು. ಅವ್ವ ಎರಡು ದಿನಾ ಅಳತಾಳ. ಮುಗೀತು."

"ಇಲ್ಲದ ಕೂಸನ್ನ ನಾ ಹ್ಯಾಂಗ ಸಾಯಿಸಲ್ರಿ?" ವಿಜಯಾಬಾಯಿಯ ದನಿ ಏರಿತು. "ಆಕೀ ಹಾಲು ಕುಡದು ಕುಡದು ನನಗ ಹೊಟ್ಟ್ಯಾಗ ಬೆಂಕಿ ಬಿದ್ಧಂಗ ಆಗೇದ. ಮ್ಯಾಲೆ ಇದೊಂದು ಸುಳ್ಳು ಹೇಳಂತೀರಿ?"

"ಖರೇ ಹೇಳಿದರ ಅವ್ವ ಅನ್ನಾ ಬಿಡತಾಳ. ಸತ್ತು ಹೋಗತಾಳ."

"ಖರೇ ಹೇಳದಿದ್ದರೂ ಹಸದ ಸಾಯತಾಳ. ರಾತ್ರಿ ಉಪವಾಸ ಆಗಿ ಎಷ್ಟು ಸೊರಗ್ಯಾಳ, ನೋಡೀರೇನು?"

ಬದನೆಕಾಯಿಯವಳು ತಗೊಳ್ಳುವುದುಂಟೋ ಇಲ್ಲವೋ ಅಂತ ಮರಾಠಿಯಲ್ಲಿ ಗದರಿದಳು. ಇಬ್ಬರೂ ಬರಿಗೈಲಿ ಮನೆಗೆ ಬಂದರು.

ಇದೊಂದೂ ಕಾಂತುವಿಗೆ ತಿಳಿಯದು; ಆ ಬೆಳಗ್ಗೆ ಅವ್ವ ಮುಂಚಿತವಾಗಿ ಕೇಳಿದ್ದಳು, ಆಮೇಲೆ ಹೊರಗಾಗಲೇ ಇಲ್ಲ ಎಂದುಕೊಂಡಿದ್ದ. ಅವನ ತಲೆಯಲ್ಲಿ ಒಂದೇ ಲೆಕ್ಕ. ಅವ್ವ ಬಸುರಿಯಾದರೆ ಒಂಬತ್ತು ತಿಂಗಳು ಅಡಿಗೆಯೂ ಇಲ್ಲ, ಎಂಟಾಣೆಯೂ ಇಲ್ಲ, ಪುಕ್ಕಟೆ ನೀರು ಸೇದುವುದು ಬೇರೆ. ಒಂದು ದಿನ ತುಂಬಿದ ಕೊಡ ತಂದು ಅಡಿಗೆಮನೆಯಲ್ಲಿ ಕುಕ್ಕಿದ.

"ದಿನಾ ಹತ್ತು ಕೊಡಾ. ಇದಕ್ಕ ಏನ ಕೊಡ್ತಿ?"

ವಿಜಯಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು.

"ನಿನಗಿನ್ನೂ ಏನ ಕೊಡಬೇಕೋ? ನನ್ನ ಹೊಟ್ಟ್ಯಾಗ ಏನೂ ಇಲ್ಲ. ಅವತ್ತ ನೀ ಮುಸುಕು ಹೊದ್ದು ಮಲಗಿದ್ದೆಲ್ಲಾ, ಅವತ್ತ ನಾ ಹೊರಗಾಗಿದ್ದೆ. ನಿನ್ನ ಎಂಟಾಣೆ ಇದ್ದಿದ್ದಿಲ್ಲಂತ ಹಂಗ ಒಲೀ ಮುಂದ ಕೂತೆ. ಆ ಮುದುಕಿ ಇಲ್ಲದ ಕೂಸಿಗೆ ಉಪವಾಸ ಮಾಡಲಿಕ್ಹತ್ಯಾಳ. ತಿಳೀತೇನು? ಈಗ ಕೇಳು, ಏನ ಕೊಡಲಿ ನಿನಗ?"

ಹದಿನೈದು ವರ್ಷದ ಹುಡುಗನಿಗೆ ಇಂಥ ಮಾತನ್ನು ತಾಯಿ ನೇರವಾಗಿ ಹೇಳುವ ಪದ್ಧತಿ ಆ ಮನೆಗಳಲ್ಲಿ ಇಲ್ಲ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು, ಆಮೇಲೆ ಮುಖ ಬಿಳಿಚಿತು. ಅಂದು ಶಾಲೆ ಬಿಟ್ಟಮೇಲೆ ಪೋಹೆಯ ಅಂಗಡಿಗೆ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಅಜ್ಜಿ ತುಳಸಿಗೆ ನೀರು ಹಾಕುವಾಗ ತಲೆ ತಿರುಗಿ ಬಿದ್ದಳು. ಮೊಣಕೈ ತರಚಿತು. ಎತ್ತಿ ಕೂಡಿಸಿದಾಗ, "ಏನಾಗಿಲ್ಲ, ಹರಕೀ ಶಕ್ತಿ ಅದ, ತಡಕೋತೀನಿ" ಎಂದು ನಕ್ಕಳು. ಆಕೆಯ ತೋಳು ಕಾಂತುವಿನ ಕೈಯಲ್ಲಿತ್ತು. ಬರೀ ಎಲುಬು.

ಮರುದಿನವೇ ವಿಜಯಾಬಾಯಿ ಮತ್ತೆ ಮುಟ್ಟಾದಳು. ಬೆಳಗಿನ ಜಾವ ಎದ್ದು ಬಾವಿಯ ಕಡೆ ಹೊರಟವಳಿಗೆ ಕಾಂತು ಎದುರಾದ. ಆಗಲೇ ಸ್ನಾನ ಮಾಡಿ ಒದ್ದೆ ಪಂಜೆ ಉಟ್ಟಿದ್ದ. ಅವ್ವನ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ನೀ ಹೊರಗ ಕೂಡು. ನಾ ಮಾಡ್ತೀನಿ."

"ಹೊರಗ ಕೂತರ ಕೇಳತಾರೋ. ಏನ ಹೇಳಲಿ?"

"ನಾ ಹೇಳ್ತೀನಿ."

"ಬ್ಯಾಡ ಕಾಂತೂ. ನಿನ್ನ ಕಾಲಿಗೆ ಬೀಳ್ತೀನಿ, ಬ್ಯಾಡ."

ಅವನು ಕೇಳಲಿಲ್ಲ. ಅಡಿಗೆ ಮುಗಿಸಿದ, ತಂದೆಗೆ ತಂಗಿಗೆ ಬಡಿಸಿದ, ಅಜ್ಜಿಯ ಎಲೆ ಹಾಕಿದ. ಬಡಿಸುವ ಮೊದಲು ಎದುರಿಗೆ ಮಂಡಿಯೂರಿ ಕೂತು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ಕಚೇರಿಗೆ ಹೊರಟಿದ್ದ ವ್ಯಾಸರಾಜರು ಬಾಗಿಲಲ್ಲೇ ಕಲ್ಲಾದರು.

ಅಜ್ಜಿ ಅವನ ದನಿಯ ಕಡೆ ಮುಖ ತಿರುಗಿಸಿದಳು. "ಆ ಮೂರೂ ದಿನಾ ನಿಮ್ಮವ್ವನೇ ಒಲೀ ಮುಂದ ಇದ್ದಳೇನು?"

"ಹೌದಜ್ಜಿ."

"ನೈವೇದ್ಯಾನೂ?"

"ಹೌದು. ತಪ್ಪು ನಂದು. ನಾ ರೊಕ್ಕಾ ಕೇಳಿದ್ದೆ."

"ಹಂಗಾದರ," ಅಜ್ಜಿಯ ಕೈ ಮಗ್ಗುಲಲ್ಲಿದ್ದ ಕುಂಚಿಗೆಯನ್ನು ತಡಕಿತು, "ಕೂಸು ಇಲ್ಲೇನು?"

ಈ ಪ್ರಶ್ನೆಗೆ ಕಾಂತು ತಯಾರಾಗಿರಲಿಲ್ಲ. ಬೈಗುಳಕ್ಕೆ ತಯಾರಾಗಿದ್ದ, ಶಾಪಕ್ಕೆ ತಯಾರಾಗಿದ್ದ. ಅವನಿಗೆ ಅಳು ಬಂತು.

ಅಜ್ಜಿ ಎಲೆಯ ಮುಂದಿನಿಂದ ಎದ್ದಳು. ಬಾವಿಯ ಹತ್ತಿರ ಕೂತು ತಲೆಯ ಮೇಲೆ ತಣ್ಣೀರು ಸುರಿಸಿಕೊಂಡಳು, ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ದಿನ ಉಣ್ಣಲಿಲ್ಲ. ಮರುದಿನವೂ ಇಲ್ಲ. ವ್ಯಾಸರಾಜರು ಕಚೇರಿಗೆ ರಜೆ ಹಾಕಿ ತಾಯಿಯ ಕಾಲ ಬಳಿ ಕೂತು ಚಿಕ್ಕ ಹುಡುಗನಂತೆ ಅತ್ತರು. ಪಡಸಾಲೆಯ ಮೂಲೆಯಿಂದ ವಿಜಯಾಬಾಯಿ ಕೂಗಿ ಕೂಗಿ ಹೇಳಿದಳು.

"ಅತ್ಯಾ, ನನಗ ಬೈರಿ. ಹೊಡೀರಿ. ತವರಿಗೆ ಕಳಸ್ರಿ. ಒಂದು ತುತ್ತು ಉಣ್ರಿ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕಪಕ್ಕದವರು ಹಣಿಕಿ ಹಾಕಿ ಹೋದರು. ವನಜಾಕ್ಷಿ, ಅಜ್ಜಿ ಸಾಯ್ತಾಳೇನು ಅಂತ ಎಲ್ಲರನ್ನೂ ಕೇಳುತ್ತ ತಿರುಗಿದಳು.

ವಿಜಯಾಬಾಯಿ ತಲೆಗೆ ಎರೆದುಕೊಂಡು ಒಳಗೆ ಬಂದ ದಿನ ಅಜ್ಜಿ ತಾನಾಗಿ ಎದ್ದು ಗೋಡೆಗೆ ಒರಗಿ ಕೂತಳು. ದನಿ ಬಾವಿಯೊಳಗಿಂದ ಬಂದಂತಿತ್ತು.

"ವ್ಯಾಸಾ, ಈ ಮನೀ ಮಂದೀ ಕೈಯಾಗಿಂದ ನಾ ಇನ್ನ ಉಣ್ಣೂದಿಲ್ಲ. ಸೊಸಿ ಮ್ಯಾಲೆ ಸಿಟ್ಟಿಲ್ಲ. ಆಕೀ ಕೈಯಾಗ ಮತ್ತ ನನ್ನ ಜೀವಾ ಇಡಲಿಕ್ಕೆ ಧೈರ್ಯ ಇಲ್ಲ. ಪಗಾರ ತಗೊಂಡು ಮಡೀಲೆ ಮಾಡೋ ಅಡಿಗಿಯವರು ಸಿಕ್ಕರ ಉಣತೀನಿ."

ನಾಗಪುರದಲ್ಲಿ ಅವರ ಮಡಿಗೆ ಒಪ್ಪುವ ಅಡಿಗೆಯವನು ಎಲ್ಲಿ ಸಿಗಬೇಕು, ಸಿಕ್ಕರೂ ಗುಮಾಸ್ತನ ಪಗಾರದಲ್ಲಿ ಯಾರು ಬಂದಾರು? ಮಾತು ಯಾರ ಕಡೆ ಹೋಯಿತೆಂದು ಎಲ್ಲರಿಗೂ ತಿಳಿಯಿತು. ಕಾಂತು ಎದ್ದು ಸ್ನಾನಕ್ಕೆ ಹೋದ. ಅಂದು ಅವನು ಅಕ್ಕಿಯನ್ನು ನಾಲ್ಕು ಸಲ ತೊಳೆದ. ಎಲೆ ಹಾಕಿ ಬಡಿಸಿದ. ಅಜ್ಜಿ ಪೊರೆಗಣ್ಣಿನಲ್ಲಿ ಎಲೆಯನ್ನೇ ನೋಡುತ್ತ ಹೇಳಿದಳು.

"ಇಷ್ಟು ಸಾರು ಹಾಕ್ರಿ."

ಯಾರೋ ಪರಕೀಯರು ಬಂದಿರಬೇಕೆಂದು ಕಾಂತು ಹಿಂತಿರುಗಿ ನೋಡಿದ. ಯಾರೂ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ವಿಜಯಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಜ್ಜೀ, ನಾನು. ಕಾಂತು."

"ಸಾಕ್ರಿ," ಎಂದಳು ಅಜ್ಜಿ. ಇನ್ನೂ ತುತ್ತು ಎತ್ತಿರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿದಳು. ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ಮಾಡಿಸಲು ಎಂದು ಕಟ್ಟಿಟ್ಟ ಚಿಲ್ಲರೆ ಅದು. ಅದರಲ್ಲಿ ಒಂದು ಎಂಟಾಣೆಯನ್ನು ತಡವಿ ಆರಿಸಿ, ನೆಲದ ಮೇಲೆ ಇಟ್ಟು ಅವನ ಕಡೆ ಸರಿಸಿದಳು.

"ಬ್ಯಾಡಜ್ಜಿ. ಇನ್ನೆಂದೂ ಕೇಳೂದಿಲ್ಲ. ಅಜ್ಜೀ, ಬ್ಯಾಡ."

ಅಜ್ಜಿ ಎಲೆಯನ್ನು ಮುಂದಕ್ಕೆ ತಳ್ಳಿದಳು. ಅನ್ನದ ಆವಿ ಆರುತ್ತಿತ್ತು. ಮೂರು ದಿನದಿಂದ ಒಣಗಿದ ಆ ತುಟಿಗಳನ್ನು ಕಾಂತು ನೋಡಿದ, ಬಾಗಿ ನಾಣ್ಯವನ್ನು ಎತ್ತಿಕೊಂಡ. ಆಮೇಲೆ ಅಜ್ಜಿ ಉಂಡಳು.

ಅಂದಿನಿಂದ ಅಜ್ಜಿಯ ಅಡಿಗೆ ದಿನವೂ ಅವನದೇ, ಪ್ರತಿ ತಿಂಗಳೂ ಅವನು ಎಂಟಾಣೆ ತೆಗೆದುಕೊಳ್ಳುತ್ತಾನೆ. ತೆಗೆದುಕೊಳ್ಳದಿದ್ದರೆ ಅಜ್ಜಿ ಉಣ್ಣುವುದಿಲ್ಲ.